ಮಗ್ಗುಲು ಬದಲಿಸುವ ಪಾಠ

ಕಳೆದ ಮಂಗಳವಾರ ನಾರಾಯಣಗೂಡದಲ್ಲಿ ಒಬ್ಬ ನರ್ಸಮ್ಮ ನನ್ನನ್ನು ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿಸಿ, "ಅಲ್ಲಾಡಬಾರದು" ಎಂದರು. ನನಗೇನೂ ಕಾಯಿಲೆ ಇರಲಿಲ್ಲ. ನಾದಿನಿ ಸುಧಾಗೆ ಜೊತೆಯಾಗಿ ಹೋದವಳು ನಾನು, ಅಷ್ಟೇ.

ಸುಧಾಗೆ ನಲವತ್ತೊಂದು. ಮದುವೆಯಾಗಿಲ್ಲ, ನಮ್ಮ ಜೊತೆಗೇ ಇದ್ದಾಳೆ. ಹೋದ ವರ್ಷ ನಮ್ಮತ್ತೆ, ಅಂದರೆ ಅವಳ ಅವ್ವ, ತೀರಿಕೊಂಡರು. ಲಕ್ವಾ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಕೊನೆಗೆ ಜೀವ ತೆಗೆದದ್ದು ಲಕ್ವಾ ಅಲ್ಲ, ಸೊಂಟದ ಹತ್ತಿರ ಎದ್ದು ನಂಜಾದ ಹಾಸಿಗೆ ಹುಣ್ಣು. ಆಗಿನಿಂದ ಸುಧಾಳದು ಒಂದೇ ಹಟ. "ವೈನಿ, ನಾ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್ ಮಾಡ್ತೀನಿ. ಖರೇ ಕೆಲಸ ಕಲಿಸೋ ಕಡೆನೇ ಸೇರ್ತೀನಿ."

("ಮಂದೀ ಹೇಲು-ಉಚ್ಚಿ ಬಳೀತೀಯೇನ?" ಎಂದು ನಮ್ಮವರು ಕೂಗಾಡಿದರು. "ಅವ್ವಂದು ಬಳದೀನಲ್ಲಣ್ಣಾ" ಎಂದಳು.)

ಮೊದಲು ದಿಲ್‌ಸುಖ್‌ನಗರದ ಒಂದು ಸೆಂಟರ್‌ಗೆ ಹೋದೆವು. ಏಸಿ ಕ್ಲಾಸು, ದೊಡ್ಡ ಪರದೆ, ಮೂರೇ ತಿಂಗಳಿಗೆ ಸರ್ಟಿಫಿಕೇಟು. "ಪೇಷಂಟ್ ಎಲ್ಲಿ?" ಎಂದು ಸುಧಾ ಹಿಂದಿಯಲ್ಲಿ ಕೇಳಿದಳು. "ವಿಡಿಯೋ ಮೇ ಸಬ್ ಹೈ ಮೇಡಂ" ಎಂದ ಕೌಂಟರಿನವ, ಎಲ್ಲ ವಿಡಿಯೋದಲ್ಲೇ ಇದೆಯಂತೆ. ನನಗೆ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ? ಮೆಟ್ರೋ ಬೇರೆ ಹತ್ತಿರ. ಅವಳು ಎದ್ದು ಹೊರಟೇಬಿಟ್ಟಳು.

ನಾರಾಯಣಗೂಡದ್ದು ಸಣ್ಣ ಆಸ್ಪತ್ರೆಗೆ ಅಂಟಿಕೊಂಡ ಎರಡು ಕೋಣೆ. ಬರೀ ಫ್ಯಾನು. ಕೋರ್ಸು ಆರು ತಿಂಗಳು, ಅದರಲ್ಲಿ ನಾಲ್ಕು ತಿಂಗಳು ವಾರ್ಡಿನಲ್ಲೇ. ಅಲ್ಲಿನ ನರ್ಸಮ್ಮನದೊಂದು ಪದ್ಧತಿ: ಸೇರಲು ಬಂದವರು, ಅವರ ಜೊತೆ ಬಂದವರು, ಎಲ್ಲರೂ ಮೊದಲು ರೋಗಿಯಾಗಬೇಕು.

ಹತ್ತು ನಿಮಿಷಕ್ಕೆ ನನ್ನ ಸೊಂಟದ ಎಲುಬು ಉರಿಯತೊಡಗಿತು. ಇಪ್ಪತ್ತಕ್ಕೆ ಭುಜ ಜೋಮು ಹಿಡಿಯಿತು. "ಇನ್ನ ಏಳಲೇನ್ರಿ?" ಎಂದೆ.

"ನಿಮಗೆ ಕೇಳೋಕೆ ಬಾಯಿದೆ. ಲಕ್ವಾ ಹೊಡೆದವರಿಗೆ?" ಎಂದರು, ತೆಲುಗಿನಲ್ಲಿ. "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಇಲ್ಲಿ ಮೊದಲ ಪಾಠ ಇದೇ."

ಎರಡು ಗಂಟೆ! ನಮ್ಮ ಮನೆಯಲ್ಲಿ ಮಡಿ ಬಲು ಬಿಗಿ. ಬೆಳಿಗ್ಗೆ ಆರಕ್ಕೆ ಮನೆಮಂದಿಯೆಲ್ಲ ಮಡಿ ಉಟ್ಟರೆ ಅಡುಗೆ, ಪೂಜೆ, ನೈವೇದ್ಯ ಮುಗಿಯುವಾಗ ಹತ್ತೂವರೆ. ಅಲ್ಲಿಯವರೆಗೆ ಹಾಸಿಗೆ ಮುಟ್ಟುವಂತಿಲ್ಲ. ಅತ್ತೆ ನರಳುವುದು ಅಡುಗೆಮನೆಗೆ ಕೇಳುತ್ತಿತ್ತು. ಸುಧಾ ಎದ್ದಾಗಲೆಲ್ಲ "ನೈವೇದ್ಯ ಆಗ್ಲಿ, ತಡಿ" ಎನ್ನುತ್ತಿದ್ದವಳು ನಾನೇ. ನಾಲ್ಕೂವರೆ ತಾಸು. ದಿನಾ.

ಮಂಚದಿಂದ ಇಳಿದಾಗ ಅಳು ತಡೆಯಲಾಗಲಿಲ್ಲ. ತನ್ನ ಸರದಿ ಮುಗಿಸಿದ್ದ ಸುಧಾ ಫಾರ್ಮ್ ತುಂಬುತ್ತಿದ್ದಳು. ಅವಳಿಗಿದು ಯಾವತ್ತೋ ಗೊತ್ತಾಗಿತ್ತು. ಒಂದು ದಿನವೂ ಆಡಿ ತೋರಿಸಿರಲಿಲ್ಲ.

"ನಂದು ತಪ್ಪಾತು ಸುಧಾ" ಎಂದೆ.

"ನಾನೂ ಸುಮ್ನ ನಿಂತಿದ್ನಲ್ಲ ವೈನಿ" ಎಂದು ಸಹಿ ಹಾಕಿದಳು.

ಈಗ ಬೆಳಿಗ್ಗೆ ಏಳಕ್ಕೇ ಅವಳ ಕ್ಲಾಸು. ಮಡಿ ಅಡುಗೆಗೆ ನಾನೊಬ್ಬಳೇ. ಒಲೆ ಮುಂದೆ ನಿಂತಾಗಲೆಲ್ಲ ಅದೊಂದೇ ತಲೆಯಲ್ಲಿ. ನೀವೇ ಹೇಳಿ, ದೇವರು ಒಂದು ಹತ್ತು ನಿಮಿಷ ಕಾಯುತ್ತಿರಲಿಲ್ಲವೇ?