ಟಗರು ಕಳೆಯುವ ಲೆಕ್ಕ

ತೆಲಂಗಾಣದ ಗಡಿಯ ತಾಂಡೂರಿನ ಡಿಗ್ರಿ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ ಗಣಿತದ ಸರ್ ಒಬ್ಬರು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಗಣಿತಕ್ಕೆ ಹೆದರಿ ಜೀವಶಾಸ್ತ್ರಕ್ಕೆ ಸೇರಿದ ಮಕ್ಕಳಿಗೇ, ಜೀವಿಗಳ ಬೆಳವಣಿಗೆಯನ್ನು ಸಮೀಕರಣದಲ್ಲಿ ಹಿಡಿಯುವ ಗಣಿತದ ಮಾದರಿ ಕಲಿಸುವುದು ಅವರ ಪಾಲಿಗೆ ಬಂದಿತ್ತು. ಜಹೀರಾಬಾದಿನಿಂದ ಬಸ್ಸಿನಲ್ಲಿ ನಿಂತೇ ಬಂದು, ಕ್ಲಾಸು ಮುಗಿಸಿ, ಸೀಮೆಸುಣ್ಣದ ಕೈಯಿಂದಲೇ ಹಣೆ ಒತ್ತಿಕೊಳ್ಳುತ್ತಿದ್ದರು. ಅಲ್ಲಿ ವಿಭೂತಿ ಯಾವುದು, ಸುಣ್ಣ ಯಾವುದು ತಿಳಿಯುತ್ತಿರಲಿಲ್ಲ. ಕ್ಲಾಸಿನಲ್ಲಿ ಅವರದು ಒಂದೇ ಮಾತು: “ಸೂತ್ರ ಆಮ್ಯಾಲ. ಮೊದಲ ಅಲ್ಲಿ ಏನ್ ನಡದದ ನೋಡ್ರಿ.”

ಕುರಿ ಸಾಕುವ ಮನೆಯ ಮಕ್ಕಳು ಬಹಳ ಇದ್ದರೆಂದು ಹಿಂಡು ಬೆಳೆಯುವ ಲೆಕ್ಕವನ್ನೇ ಹೇಳಿಕೊಟ್ಟಿದ್ದರು: ಹುಟ್ಟುವ ಮರಿ ಕೂಡಿಸಿ, ಬಕ್ರೀದಿಗೆ ಮಾರುವ ಟಗರು ಕಳೆಯಿರಿ. ಪರೀಕ್ಷೆಯಲ್ಲಿ ಮಾತ್ರ ಹಾಲಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಲೆಕ್ಕ ಕೇಳಿದರು.

ಪೇಪರು ತಿದ್ದುತ್ತಿದ್ದವರು ಕನ್ನಡಕ ತೆಗೆದಿಟ್ಟರು. “ಮೇಡಂ, ಎಲ್ಲಾರೂ ಬ್ಯಾಕ್ಟೀರಿಯಾ ಬಕ್ರೀದಿಗಿ ಮಾರ್ಯಾರ್ರಿ.”

ನಾನು ನಕ್ಕೆ. ಅವರು ನಗಲಿಲ್ಲ. “ಸಾಕಾಗ್ಯಾದ್ರಿ. ಮುಂದಿನ ವರ್ಷ ಈ ಕ್ಲಾಸ್ ನನಗ ಬ್ಯಾಡಂತ ಪ್ರಿನ್ಸಿಪಾಲರಿಗಿ ಹೇಳ್ತೀನಿ.”

ಮತ್ತೆ ಕನ್ನಡಕ ಹಾಕಿಕೊಂಡು ಕೊನೆಯ ಪೇಪರು ಎಳೆದುಕೊಂಡರು. ಅದನ್ನು ಬರೆದ ಹುಡುಗಿಯೂ ಟಗರು ಕಳೆದಿದ್ದಳು. ಆದರೆ ಉತ್ತರದ ಕೆಳಗೆ ತೆಲುಗಿನಲ್ಲಿ ಒಂದು ಸಾಲು ಬರೆದಿದ್ದಳು: ಬ್ಯಾಕ್ಟೀರಿಯಾವನ್ನು ಯಾರು ಕೊಳ್ಳುತ್ತಾರೆ ಸರ್?

ಅವರು ಲೆಕ್ಕಕ್ಕೆ ಸೊನ್ನೆ ಹಾಕಿದರು. ಆ ಸಾಲಿನ ಪಕ್ಕ ಮಾತ್ರ ಒಂದು ಸರಿ ಗುರುತು ಹಾಕಿದರು. ಆಮೇಲೆ ಹಣೆ ಒತ್ತಿಕೊಂಡು, ಸೋತವರ ದನಿಯಲ್ಲಿ ಅಂದರು:

“ಇನ್ನೊಂದು ವರ್ಷ ಈ ಕ್ಲಾಸಿಗಿ ಬರಬೇಕಾತು ನೋಡ್ರಿ.”