ಮಂಚದ ಕೆಳಗಿನ ಗಂಟು

ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗಿನ ಮಾತು. ಕಲಬುರಗಿಯ ಹಳೆಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಹಿರಿಯ ವೈದ್ಯೆಯಾಗಿದ್ದೆ. ನಿಜಾಮರ ಕಾಲದ ಕಟ್ಟಡ. ದಪ್ಪ ಕಲ್ಲಿನ ಗೋಡೆ, ಎತ್ತರದ ಕಿಟಕಿ. ಆ ಕಾಲದಲ್ಲಿ ಇದೇ ವಾರ್ಡಿನಲ್ಲಿ ಎಷ್ಟು ಬಾಣಂತಿಯರು ರಕ್ತ ಹರಿದು ಸತ್ತಿರಬೇಕೋ ಎಂದು ಯೋಚಿಸಿದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಗ ಔಷಧವಿರಲಿಲ್ಲ, ಬ್ಲಡ್ ಬ್ಯಾಂಕ್ ಇರಲಿಲ್ಲ. ಈಗ ಎರಡೂ ಇವೆ. ಆದರೂ ರೌಂಡ್ಸ್‌ಗೆ ಹೊರಟರೆ ನನ್ನ ಕಾಲು ಓಡುತ್ತಿದ್ದವು, ನಾಲಿಗೆ ಅವಕ್ಕಿಂತ ಮುಂದೆ ಓಡುತ್ತಿತ್ತು. ಸಿಸ್ಟರ್‌ಗಳು ಬೆನ್ನ ಹಿಂದೆ ‘ಗುಡುಗು ಬಂತು’ ಅನ್ನುತ್ತಿದ್ದುದು ನನಗೆ ಗೊತ್ತಿತ್ತು.

ಒಂದು ದಿನ ಬೆಳಿಗ್ಗೆ ಕಮಲಾಪುರದ ಭಾಗ್ಯಶ್ರೀಗೆ ಸಹಜ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಗಟ್ಟಿ ಅಳು. ಮಧ್ಯಾಹ್ನ ನಾನು ಬಂದಾಗ ಹಾಸಿಗೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಜೊತೆಗಿದ್ದ ಆಕೆಯ ತಾಯಿ ಶರಣಮ್ಮ, “ಎಲ್ಲಾ ಆರಾಮ ಅದರೀ” ಅಂದರು. ಆದರೆ ಭಾಗ್ಯಶ್ರೀ ನೆಟ್ಟಗೆ ಮಲಗುತ್ತಿರಲಿಲ್ಲ. ತಲೆ ಹೊರಳಿಸುತ್ತಿದ್ದಳು, ಹೊದಿಕೆ ಒದೆಯುತ್ತಿದ್ದಳು.

“ಯವ್ವಾ, ಜೀವ ತಳಮಳ ಆಗಾಕತ್ತದ.”

ನಾಡಿ ಹಿಡಿದೆ, ಓಡುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟೆ. ಹೆರಿಗೆಯ ನಂತರ ಗರ್ಭಕೋಶ ಬಿಗಿದು ಗಟ್ಟಿಯಾಗಬೇಕು. ಇದು ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಅಂದರೆ ರಕ್ತ ಹೋಗುತ್ತಿರಲೇಬೇಕು. ಎಲ್ಲಿ? ಶರಣಮ್ಮ ಮಂಚದ ಕೆಳಗಿನ ಬಟ್ಟೆಗಂಟಿಗೆ ಕಾಲು ಅಡ್ಡ ಇಟ್ಟು ಕೂತಿದ್ದರು.

“ಆ ಗಂಟು ಬಿಚ್ಚರಿ.”

“ಅದೊಂದು ಕೇಳಬ್ಯಾಡ್ರೀ ಡಾಕ್ಟರಮ್ಮ. ಹಡದ ಬಟ್ಟಿ ಹೊರಗಿನವರ ಕಣ್ಣಿಗಿ ಬೀಳಬಾರ್ದು, ಕೂಸಿಗಿ ದೃಷ್ಟಿ ಆಗ್ತದ. ಊರಿಗಿ ಒಯ್ದು ಮಣ್ಣಾಗ ಹೂಳ್ತೀವಿ.”

ಸಿಸ್ಟರ್ ಬರುವ ಮೊದಲೇ ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಇಟ್ಟು, ಹಾಸಿಗೆಯ ಮೇಲಿನ ಹಾಸನ್ನೂ ಬದಲಿಸಿಬಿಡುತ್ತಿದ್ದರಂತೆ ಆ ತಾಯಿ. ಎಲ್ಲವೂ ಅಕ್ಕರೆಯಿಂದಲೇ! ನನಗೆ ಸಿಟ್ಟು ನೆತ್ತಿಗೇರಿತು.

“ದೃಷ್ಟಿ ಆದ್ರ ನಿವಾಳಿಸಿ ತಗೀಬಹುದು ಯಕ್ಕಾ. ಮಗಳು ಹೋದ್ರ ಆ ಕೂಸಿಗಿ ತಾಯಿನ್ನ ಎಲ್ಲಿಂದ ತರ್ತೀರಿ?”

ಶರಣಮ್ಮ ಕಾಲು ಸರಿಸಿದರು. ಗಂಟನ್ನು ಎತ್ತಲು ಸಿಸ್ಟರ್‌ಗೆ ಎರಡೂ ಕೈ ಬೇಕಾದವು. ಒಳಗಿನ ಸೀರೆ ತುಂಡುಗಳೆಲ್ಲ ತೊಯ್ದು ಹೋಗಿದ್ದವು. ಪೋಸ್ಟ್‌ಪಾರ್ಟಂ ಹೆಮರೇಜ್, ಅಂದರೆ ಹೆರಿಗೆಯ ನಂತರದ ಅತಿ ರಕ್ತಸ್ರಾವ. ಗರ್ಭಕೋಶ ಬಿಗಿಯಲು ಆಕ್ಸಿಟೋಸಿನ್ ಡ್ರಿಪ್ ಹಾಕಿಸಿ, ರಕ್ತಕ್ಕೆ ಆಳು ಓಡಿಸಿದೆವು. ನನ್ನ ಕೈ ಹೊಟ್ಟೆ ಬಿಡದೆ ಉಜ್ಜುತ್ತಿತ್ತು, ಕಣ್ಣು ಬಾಗಿಲಿಗೆ ನೆಟ್ಟಿತ್ತು. ಭಾಗ್ಯಶ್ರೀಯ ತುಟಿ ಬಿಳಿಚಿಕೊಂಡಿತ್ತು. ನಾನು ಹೆದರಿದ್ದೆ, ಹೇಳಲು ನಾಚಿಕೆಯೇನಿಲ್ಲ. ರಕ್ತ ಬಂದು ಏರತೊಡಗಿದ ಮೇಲೂ ಬಹಳ ಹೊತ್ತು ಅಂಗೈ ಕೆಳಗೆ ಅದೇ ಮೆದು. ಆಮೇಲೆ ಮೆಲ್ಲಗೆ ಗಟ್ಟಿಯಾಯಿತು. ಸಂಜೆಗೆ ಆಕೆ ಕಣ್ಣು ಬಿಟ್ಟು “ಕೂಸು ಎಲ್ಲದ?” ಅಂತ ಕೇಳಿದಳು. ಶರಣಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಬಿಳಿ ಹಾಸಿಗೆಯನ್ನು ನಂಬಬಾರದು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಅಂದಿನಿಂದ ‘ಹೇಗಿದ್ದೀಯಮ್ಮ’ ಅನ್ನುವ ಮೊದಲು ಬಟ್ಟೆ ತೋರಿಸಿ ಅನ್ನುತ್ತಿದ್ದೆ. ಜನ ತೋರಿಸುತ್ತಾರೆಯೇ ಎಂಬ ಅನುಮಾನ ಮಾತ್ರ ಇದ್ದೇ ಇತ್ತು.

ಭಾಗ್ಯಶ್ರೀಯ ಡಿಸ್‌ಚಾರ್ಜ್ ದಿನ ವಾರ್ಡಿಗೆ ಕಾಲಿಡುವಾಗ, ಪಕ್ಕದ ಮಂಚದ ಹೆಂಗಸೊಬ್ಬಳು ನನ್ನನ್ನು ಕಂಡು ಗಂಟನ್ನು ಗೋಡೆಯತ್ತ ತಳ್ಳುತ್ತಿದ್ದಳು. ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಶರಣಮ್ಮ ಗದರಿದರು:

“ಅಡಗಿಸಬ್ಯಾಡ ತಂಗಿ, ತೋರ್ಸು. ಅಕಿದು ಬಾಯಿ ಕೆಟ್ಟದ್ದು, ಕಣ್ಣು ಕೆಟ್ಟದ್ದಲ್ಲ.”