ಆಡು ಮುಟ್ಟದ ಬೇಲಿ

ಹುಕ್ಕೇರಿಯ ಬಾಡಿಗೆ ಮನೆಯ ಹಿತ್ತಲ ಬಾಗಿಲನ್ನು ನಾನು ಮೊದಲ ಸಲ ತೆರೆದದ್ದು ನಡು ಮಧ್ಯಾಹ್ನ. ಹೊರಗೆ ಕತ್ತಲಿತ್ತು. ಮೋಡ ಕವಿದಿರಬೇಕೆಂದು ಮುಂಬಾಗಿಲಿಗೆ ಹೋಗಿ ನೋಡಿದೆ. ಓಣಿಯಲ್ಲಿ ಬಿಸಿಲು ಸುಡುತ್ತಿತ್ತು. ತಿರುಗಿ ಹಿಂದೆ ಬಂದರೆ ಮತ್ತೆ ಅದೇ ಕತ್ತಲು. ಎರಡು ಮುದಿ ಹುಣಸೆಮರಗಳು ಆಕಾಶವನ್ನು ಮುಚ್ಚಿದ್ದವು. ಅವುಗಳ ಕೆಳಗೆ, ನಮ್ಮ ಹಿತ್ತಲಕ್ಕೂ ಹಿಂದಿನ ಓಣಿಗೂ ನಡುವೆ, ಎದೆಯೆತ್ತರ ಹಸಿರು ಪೊದೆ ಬೆಳೆದಿತ್ತು. ಕುಲಗೋಡದಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಎರೆಹೊಲದಲ್ಲಿ ನಿಂತರೆ ಜೋಳದ ತೆನೆಯ ಮೇಲೆ ಹರದಾರಿ ದೂರದವರೆಗೂ ಬಯಲು ಕಾಣುತ್ತಿತ್ತು. ಇಲ್ಲಿ ಹತ್ತು ಹೆಜ್ಜೆ ಆಚೆ ಏನಿದೆಯೆಂದು ತಿಳಿಯುತ್ತಿರಲಿಲ್ಲ.

ಮಕ್ಕಳೇ, ಆಗ ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿತ್ತು. ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದ ಕೆಳಗಿತ್ತು. ಹುಕ್ಕೇರಿ ಸಾಲಿಗೆ ನಿಮ್ಮ ಮುತ್ಯಾನವರಿಗೆ ಮಾಸ್ತರಿಕೆ ಸಿಕ್ಕಿತು. ಗೋಕಾಕದವರೆಗೆ ಚಕ್ಕಡಿಯಲ್ಲಿ ಬಂದು, ಅಲ್ಲಿಂದ ಮೋಟಾರು ಹತ್ತಿದೆವು. ನಕ್ಷೆಯಲ್ಲಿ ಅದೇನು ದೊಡ್ಡ ದೂರವಲ್ಲ. ಮೊದಲ ಸಲ ಊರು ಬಿಟ್ಟವಳಿಗೆ ಅದು ಬೇರೆ ದೇಶ. ಓಣಿಯ ಅರ್ಧ ಜನ ಮರಾಠಿ ಬೆರೆಸಿ ಮಾತಾಡುತ್ತಿದ್ದರು. ಹಿತ್ತಲಕ್ಕೆ ಪರಸ ಎನ್ನುತ್ತಿದ್ದರು, ಗಡಿಯ ಬೇಲಿಗೆ ಬಾಂದ. ನನ್ನನ್ನು ಮಾಸ್ತರೀಣ ಎಂದರು. ಮಾಸ್ತರರ ಹೆಂಡತಿ ಎಂದು ಅರ್ಥ. ನಾಲ್ಕೇ ಇಯತ್ತೆ ಕಲಿತ ನನಗೆ ಆ ಹೆಸರೇ ಭಾರವಾಗಿ, ಬಾವಿಗೆ ಹೋದರೂ ಬಾಯಿ ಬಿಡದೆ ನೀರು ತುಂಬಿಕೊಂಡು ಬರುತ್ತಿದ್ದೆ.

ನಮ್ಮೂರಲ್ಲಿ ಒಂದು ರೂಢಿಯಿತ್ತು. ಹೊಲದ ಬದುವಿನ ಮೇಲೆ ಕಸವಿದ್ದರೆ ಆ ಮನೆಯ ಹೆಂಗಸರನ್ನು ಆಡಿಕೊಳ್ಳುತ್ತಿದ್ದರು. ಬದು ನೋಡಿ ಮನೆತನ ಅಳೆಯುವುದು ಎನ್ನುತ್ತಿದ್ದಳು ನಮ್ಮವ್ವ. ಹುಕ್ಕೇರಿಯವರು ನನ್ನನ್ನು ಮೈಗಳ್ಳಿ ಎನ್ನಬಾರದೆಂದು, ಬಂದ ಎಂಟೇ ದಿನದಲ್ಲಿ ಕುಡಗೋಲು ಹಿಡಿದು ಆ ಪೊದೆಯನ್ನೆಲ್ಲ ಬುಡಮಟ್ಟ ಕಡಿದೆ. ಯಾರನ್ನೂ ಒಂದು ಮಾತು ಕೇಳಲಿಲ್ಲ. ಗುಡಿಸಿ, ಸಗಣಿ ನೀರು ಚಿಮುಕಿಸಿ, ಹೆಮ್ಮೆಪಟ್ಟೆ.

ಮೂರನೆಯ ದಿನ ಓಣಿಯ ಆಡುಗಳು ಒಳಗೆ ಬಂದವು. ಹಿತ್ತಲದ ಬಿಸಿಲು ಬೀಳುವ ಮೂಲೆಯಲ್ಲಿ ಮನೆಯೊಡತಿ ಗಂಗವ್ವ ಬದನೆ, ಮೆಣಸಿನಗಿಡ ಹಚ್ಚಿದ್ದಳು. ಒಂದೂ ಉಳಿಯಲಿಲ್ಲ. ನಿಮ್ಮ ಮುತ್ಯಾ ಗಾಬರಿಯಿಂದ ಒಂದು ಚಕ್ಕಡಿ ಜಾಲಿಮುಳ್ಳು ತರಿಸಿ ಒಡ್ಡಿದರು. ಕುಲಗೋಡದ ಬಿಸಿಲಲ್ಲಿ ಒಂದು ವರ್ಷ ನಿಲ್ಲುವ ಮುಳ್ಳಬೇಲಿ, ಹುಣಸೆಮರದ ತೊಟ್ಟಿಕ್ಕುವ ನೆರಳಲ್ಲಿ ಒಂದೇ ತಿಂಗಳಿಗೆ ಒರಲೆ ಹುಳ ಹತ್ತಿ ಪುಡಿಯಾಯಿತು.

ಗಂಗವ್ವ ಕಟ್ಟೆಯ ಮೇಲೆ ನಿಂತು ಹೇಳಿದಳು, “ಮಾಸ್ತರ, ನಿಮ್ಮ ಮ್ಯಾಲ ಸಿಟ್ಟಿಲ್ರಿ. ಆದ್ರ ದೀಪಾವಳಿಯೊಳಗ ನನ್ನ ಬಾಂದ ಮೊದಲಿನಂಗ ಆಗಬೇಕು. ಇಲ್ಲಂದ್ರ ಬ್ಯಾರೆ ಮನಿ ನೋಡ್ಕೋರಿ.”

ಬೇರೆ ಮನೆ ಇರಲಿಲ್ಲ. ಇದೊಂದು ಸಿಗುವುದಕ್ಕೆ ನಿಮ್ಮ ಮುತ್ಯಾ ಊರೆಲ್ಲ ಅಲೆದಿದ್ದರು. ನಾನು ಆಗ ಮೂರು ತಿಂಗಳ ಬಸುರಿ, ನಿಮ್ಮಪ್ಪ ಹೊಟ್ಟೆಯಲ್ಲಿ. ಮನೆ ಹೋದರೆ ಅವರು ಸಾಲಿಯ ಕೋಣೆಯಲ್ಲಿ ಮಲಗಬೇಕು, ನಾನು ಕೂಸಿನೊಂದಿಗೆ ಕುಲಗೋಡದಲ್ಲೇ ಉಳಿಯಬೇಕು. ಅಷ್ಟೇ ದಾರಿ.

ಆ ವಾರವೇ ಬಾಜೂ ಮನೆಯ ಹೀರಾಬಾಯಿ ಮೊಮ್ಮಗಳ ಕೆಮ್ಮಿಗೆ ಎಲೆ ಹರಿದುಕೊಳ್ಳಲು ಬಂದರು. ಬರಿ ನೆಲ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಅಗ ಬಾಯಿ! ಅಡುಳಸಾ ಎಲ್ಲಿ ಹೋತು?”

“ಕಸಾ ಅಂತ ಕಡದೇನ್ರಿ.”

“ಕಸಾ? ಇಡೀ ಓಣಿ ಅದರ ಕಷಾಯ ಕುಡೀತೈತಿ! ಕಡಿಯೂಕಿಂತ ಮೊದಲ ಒಂದ ಮಾತ ಕೇಳಬಾರದ? ಬಂದ ತಿಂಗಳ ಮ್ಯಾಲಾತು, ನಿನ್ನ ದನೀನ ಕೇಳಿಲ್ಲ. ಮಾಸ್ತರ ಮೂಕೀನ ಮಾಡ್ಕೊಂಡಾರಂತ ನಾವು ಮರಮರಾ ಮರಗಿದ್ವಿ.”

ನನಗೆ ಅಳು ಬಂತು, ಅದರ ನಡುವೆಯೇ ನಗುವೂ ಬಂತು. ಅಡುಳಸಾ ಎಂದರೆ ಆಡುಸೋಗೆ ಎಂದು ನಿಮ್ಮ ಮುತ್ಯಾ ಸಂಜೆ ತಿಳಿಸಿ ಹೇಳಿದರು. ಆಡು ಅದಕ್ಕೆ ಬಾಯಿಯನ್ನೇ ಹಾಕುವುದಿಲ್ಲ. ಇಷ್ಟು ವರ್ಷ ಗಂಗವ್ವನ ಬದನೆ ಕಾಯ್ದದ್ದು ಅದೇ.

ಮರುದಿನ ಹೀರಾಬಾಯಿ ಬುಡಗಳನ್ನು ಕೆದರಿ ನೋಡಿದರು. “ಬೇರ ಜೀವಂತ ಅದಾವು, ಚಿಗೀತಾವು. ಚಿಗೀಲಾರದ ಕಡೆ ಬ್ಯಾರೆ ಹಚ್ಚು. ಆದ್ರ ಚಂದ ನೋಡಿ ಹಚ್ಚಬ್ಯಾಡ. ನೆರಳ ತಾಳಬೇಕು, ಆಡ ತಿನಬಾರದು, ನೀರ ಕೇಳಬಾರದು. ಬಸರಿ ಹೆಂಗಸ ದಿನಾ ಎಷ್ಟ ಕೊಡ ಹೊರತಿ?”

“ನೀವ ತಂದ ಕೊಡ್ರಿ, ಹಚ್ಚತೇನಿ.”

“ನಾ ಯಾಕ ತರಲಿ? ಬಾಯಿ ಐತೆಲ್ಲ, ಹೋಗಿ ಕೇಳು.”

ಆಷಾಢದ ಜಿಟಿಜಿಟಿ ಮಳೆಯಲ್ಲಿ ಸೆರಗು ಹೊದ್ದು ಒಂದು ಬಾಗಿಲ ಮುಂದೆ ನಿಂತೆ. ಕರೆಯಲು ಧೈರ್ಯವಾಗಲಿಲ್ಲ. ಒಳಗಿನಿಂದ ಹೆಂಗಸೊಬ್ಬಳು ಬಂದು, “ಯಾರ ಬೇಕ್ರಿ?” ಎಂದಳು.

“ಗಿಡಾ,” ಎಂದೆ.

ಆಕೆ ನಕ್ಕು ಒಳಗೆ ಕರೆದಳು. ಲಿಂಗಪೂಜೆಗೆ ಬಿಳಿ ಹೂ ಬೇಕು, ನೆರಳಲ್ಲಿ ಬಾಳಬೇಕು ಎಂದಾಗ ನಂದಿಬಟ್ಟಲದ ನಾಲ್ಕು ಟೊಂಗೆ ಮುರಿದುಕೊಟ್ಟಳು. ಕುಲಗೋಡದಲ್ಲಿ ಮನೆಗೆ ಬಂದವರಿಗೆ ಮಜ್ಜಿಗೆ ಕೊಡುತ್ತೇವೆ. ಇಲ್ಲಿ ಚಹಾ, ಅದೂ ಬೇಡವೆಂದರೆ ಸಿಟ್ಟು. ನಾಲ್ಕು ಮನೆ ತಿರುಗಿ ನಾಲ್ಕು ಕಪ್ ಚಹಾ ಕುಡಿದು, ಉಡಿ ತುಂಬ ಕಡ್ಡಿ ತಂದೆ. ತುಸು ಬೆಳಕು ಬೀಳುವಲ್ಲಿ ಕಹಿ ಎಲೆಯ ಲೆಕ್ಕಿ ಗಿಡ, ಗೋಡೆಯ ಮಗ್ಗುಲಿಗೆ ಕರಿಬೇವಿನ ಸಸಿ, ಹುಣಸೆಯ ಬುಡಕ್ಕೆ ಅಮೃತಬಳ್ಳಿ. ಮಿಕ್ಕದ್ದೆಲ್ಲ ಮತ್ತೆ ಆಡುಸೋಗೆಯ ಪಾಲಿಗೆ ಬಿಟ್ಟೆ. ಮಳೆ ನೀರು ಹಾಕಿತು, ನಾನಲ್ಲ.

ದೀಪಾವಳಿಗೆ ಆಡುಸೋಗೆ ಸೊಂಟದವರೆಗೆ ಚಿಗುರಿತ್ತು. ಬಾವಿಯ ಕಡೆ ಮಾತ್ರ ಒಂದಾಳು ತೂರುವಷ್ಟು ಸಂದು ಉಳಿದಿತ್ತು. ಅಲ್ಲಿ ಹಚ್ಚಿದ್ದ ಕಡ್ಡಿಗಳೆಲ್ಲ ಕೊಳೆತಿದ್ದವು. ಗಂಗವ್ವ ಕಣ್ಣಿಂದ ನೋಡಿ ಒಪ್ಪುವವಳಲ್ಲ. ಯಾರದೋ ಆಡನ್ನು ಕಿವಿ ಹಿಡಿದು ಎಳೆತಂದು ಓಣಿಯ ಕಡೆಯಿಂದ ಬಿಟ್ಟಳು. ಆಡು ಆಡುಸೋಗೆಯನ್ನು ಮೂಸಿತು, ಸೀನಿತು. ಲೆಕ್ಕಿಯನ್ನು ಮೂಸಿತು. ನೆಟ್ಟಗೆ ಸಂದಿನ ಕಡೆ ನಡೆಯಿತು. ಅಷ್ಟರಲ್ಲಿ ಹೀರಾಬಾಯಿ ಸೆರಗು ಸಿಕ್ಕಿಸಿಕೊಂಡು ಬಂದು ಆ ಸಂದು ತುಂಬಿ ನಿಂತರು. ಆಡು ಅವರನ್ನು ನೋಡಿ ತಿರುಗಿ ಹೋಯಿತು.

ಗಂಗವ್ವ ನನ್ನ ಕಡೆ ತಿರುಗಿದಳು. “ಈ ಗಿಡಾ ಯಾವಾಗ ಹಚ್ಚಿದಿ?” ಎಂದು ಹೀರಾಬಾಯಿಯ ಕಡೆ ಕೈ ಮಾಡಿದಳು.

“ಇದೂ ನೀರ ಕೇಳಾಂಗಿಲ್ಲ ಗಂಗವ್ವಾ, ಚಹಾ ಅಷ್ಟ ಕೇಳತೈತಿ,” ಎಂದರು ಹೀರಾಬಾಯಿ.

ಗಂಗವ್ವ ನಕ್ಕೇಬಿಟ್ಟಳು. “ಮುಂದಿನ ಮಳಿಗಾಲಕ್ಕ ಅಲ್ಲಿ ಖರೇ ಗಿಡಾ ಹಚ್ಚವಾ. ಹಡದ ಮ್ಯಾಲ ಕೂಸಿನ ತಗೊಂಡ ಇಲ್ಲೇ ಬಾ.”

ಚೊಚ್ಚಲ ಬಾಣಂತನ ತವರಿನಲ್ಲಿ. ಕುಲಗೋಡಕ್ಕೆ ಹೋದೆ, ನಿಮ್ಮಪ್ಪ ಹುಟ್ಟಿದ. ಅವ್ವನ ಕೈಯ ರೊಟ್ಟಿ, ಬೆಚ್ಚನೆಯ ನೀರು, ಗೆಳತಿಯರು, ಯಾವುದಕ್ಕೂ ಕೊರತೆಯಿರಲಿಲ್ಲ. ಐದನೆಯ ತಿಂಗಳು ಪಶ್ಚಿಮದಲ್ಲಿ ಮೋಡ ಕಂಡಿತು. ಅವ್ವ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

“ಅವ್ವಾ, ಮಳಿ ಹತ್ತೂದರೊಳಗ ನಾ ಮನಿಗೆ ಹೋಗಬೇಕು,” ಎಂದೆ.

ಅವ್ವನ ಕೈ ನಿಂತಿತು. “ಹಂಗಾದ್ರ ಇದು ಯಾರ ಮನಿ?”

ನಾನು ಎಣ್ಣೆಯ ಬಟ್ಟಲನ್ನು ಅವಳ ಕಡೆ ಸರಿಸಿದೆ. ಅವ್ವ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕತೊಡಗಿದಳು. ಹೊರಡುವ ದಿನ ಜೋಳದ ಹಿಟ್ಟು ಕಟ್ಟಿಕೊಟ್ಟಳು. ಚಕ್ಕಡಿ ಹತ್ತುವಾಗ ಅಳು ತಡೆಯಲಾಗಲಿಲ್ಲ, ಆದರೆ ಮೋಟಾರು ತಪ್ಪೀತೆಂದು ಎತ್ತುಗಳನ್ನು ಬೇಗ ಹೊಡೆಯಲು ಹೇಳಿದವಳೂ ನಾನೇ.